ಸೀರೆಯೊಳಗಿನ ನಗು

ಬೆಟಗೇರಿಯ ನಮ್ಮ ಓಣಿಯಲ್ಲಿ ಒಬ್ಬ ನೇಕಾರರಿದ್ದರು. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಒಂದು ಇಂಗ್ಲಿಷ್ ಕಾದಂಬರಿಯನ್ನು ಮಗ್ಗದ ಕಂಬಕ್ಕೆ ಸಿಕ್ಕಿಸಿಕೊಂಡು ನೇಯುತ್ತಿದ್ದರು. ಸದಾ ಪೇಚಿಗೆ ಸಿಲುಕುವ ಸಾಹೇಬನೊಬ್ಬನ ನಗೆಕಥೆಗಳ ದೊಡ್ಡ ಸರಣಿಯದು. ಅವರ ಬಳಿ ಇದ್ದದ್ದು ಏಳನೆಯ ಪುಸ್ತಕವೊಂದೇ. ಕಣ್ಣು ಪುಟದ ಮೇಲೆ, ಕೈ ನೂಲಿನ ಮೇಲೆ, ಎರಡೂ ತಪ್ಪುತ್ತಿರಲಿಲ್ಲ. ನಾನು ಬಾಗಿಲಲ್ಲಿ ಬಾಯಿ ತೆರೆದು ನಿಲ್ಲುತ್ತಿದ್ದೆ. ಲಾಳಿಯ ಸದ್ದು ನಿಂತರೆ ಕೂಗು ಬರುತ್ತಿತ್ತು: "ಸಾಹೇಬ ಮತ್ತ ಸಿಕ್ಕೊಂಡ ನೋಡ್ರಿ!"

ನನ್ನ ಮದುವೆಯ ಸೀರೆಯನ್ನು ಅವರೇ ನೇಯ್ದರು. ಬಿಚ್ಚಿ ನೋಡಿದರೆ ಸೆರಗಿನ ಹತ್ತಿರ ಅಡ್ಡಕ್ಕೊಂದು ತೆಳು ಗೆರೆ. ಎಳೆಗಳು ಅಲ್ಲಿ ಬಿಗಿಯಾಗಿ ಕೂತಿರಲಿಲ್ಲ. ಅವ್ವ ಸಿಟ್ಟಾದಳು.

"ಅಣ್ಣಾರ, ಇದೇನ್ರಿ? ಮದುವಿ ಸೀರಿ ಇದು!"

"ಖರೆ ಐತ್ರಿ ಅಕ್ಕಾರ. ಅಲ್ಲಿ ನಗಿ ಬಂತು, ಕೈ ಸಡ್ಲಾತು. ಬ್ಯಾರೆ ನೇದು ಕೊಡ್ತೀನ್ರಿ."

"ಅಂಥಾ ನಗಿ ಏನ್ ಬಂತ್ರಿ?"

ಅವರು ಎದ್ದು ನಿಂತು ಅಭಿನಯಿಸಿಯೇ ಹೇಳಿದರು. ಬೀಗರಿಗೆ ಹೆದರಿದ ಸಾಹೇಬ ಜೋಳದ ಕಣಜದೊಳಗೆ ಅಡಗಿದ. ಬೀಗರು ಬಂದು ಅದರ ಮುಚ್ಚಳದ ಮೇಲೆಯೇ ಕುಳಿತು ಊಟಕ್ಕೆ ಕಾದರು. ಆಗ ಒಳಗೆ ಸಾಹೇಬನಿಗೆ ಸೀನು ಬಂತು! ಅವ್ವ ನಕ್ಕು ನಕ್ಕು ಅದೇ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬ್ಯಾರೆ ಬ್ಯಾಡ್ರಿ. ಇದ ಇರ್ಲಿ."

ಅವರು ತೀರಿಕೊಂಡ ಮೇಲೆ ಆ ಏಳನೆಯ ಪುಸ್ತಕ ನನಗೆ ಬಂತು. ಹೋದ ತಿಂಗಳು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಅದರಲ್ಲಿ ಬೀಗರೂ ಇಲ್ಲ, ಕಣಜವೂ ಇಲ್ಲ, ಸೀನೂ ಇಲ್ಲ.

ಎದ್ದುಹೋಗಿ ಸೀರೆ ತೆಗೆದೆ. ಆ ಗೆರೆಯ ಮೇಲೆ ಮೆಲ್ಲಗೆ ಬೆರಳಾಡಿಸಿದೆ. ಎಂಟನೆಯ ಪುಸ್ತಕ ಅಲ್ಲಿತ್ತು.