ಹನುಮವ್ವನ ಬದಲು ನಾನು ಕೊಟ್ಟ ಉತ್ತರ

ಹನುಮವ್ವನ ಎಡಗಾಲಿನ ಎರಡು ಬೆರಳು ಹೋದದ್ದು ಯಂತ್ರದ ತಪ್ಪಿನಿಂದಲ್ಲ, ಅವಳ ಮರೆವಿನಿಂದಲೂ ಅಲ್ಲ. ನನ್ನಿಂದ. ಆಮೇಲೆ ಅವಳು ನನ್ನ ಮುಖ ನೋಡಿ ಒಂದೇ ಒಂದು ಮಾತು ಕೇಳಿದಳು — ಅದಕ್ಕೂ ಸುಳ್ಳು ಹೇಳಿದೆ. ಮೂರು ವರ್ಷವಾಯಿತು. ಬೆರಳು ಹೋದದ್ದಕ್ಕಿಂತ ಆ ಎರಡನೇ ಸುಳ್ಳೇ ಅವಳನ್ನು ಹೆಚ್ಚು ತಿಂದಿದೆ.

ನನ್ನ ಮೊಮ್ಮಗಳು ಸುಜಾತ ಕೇಳಿದ್ದು ಇದನ್ನಲ್ಲ. ಅವಳು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ, ಚಿತ್ತವಾಡ್ಗಿಯಲ್ಲಿ ನನ್ನ ಜೊತೆಗೇ ಇರುತ್ತಾಳೆ. ಮನೆಮಂದಿಯ ಆರೋಗ್ಯಕ್ಕೆ, ಮಕ್ಕಳ ಓದಿಗೆ ಸಣ್ಣ ಸಣ್ಣ ಎಐ ಸಾಧನ ಮಾಡುವುದು ಹೇಗೆ ಅಂತ ಅವಳೂ ಅವಳ ಗೆಳತಿಯರೂ ಸೇರಿ ಒಂದು ಪುಸ್ತಕ ಮಾಡುತ್ತಿದ್ದಾರೆ. "ಅಜ್ಜಿ, ನೀನ ನಮ್ಮ ಮೊದಲನೇ ಕೆಲಸದಾಕಿ. ನಾಕು ಚಲೋ ಮಾತು ಬರಕೊಡು," ಅಂದಳು. ನಾಲ್ಕು ದಿನ ಕುಂತೆ. ಒಂದೂ ಚಲೋ ಮಾತು ಬರಲಿಲ್ಲ. ಕಂಪ್ಲಿಯಲ್ಲಿ ಮೂರನೇ ಕ್ಲಾಸಿನ ತನಕ ಓದಿದವಳು ನಾನು. ನನ್ನ ಕಾಗುಣಿತವನ್ನು ಸುಜಾತ ತಿದ್ದಲಿ. ಕಾಗುಣಿತ ಮಾತ್ರ.

ಆ ಸಾಧನ ಏನು ಅಂತ ಮೊದಲು ಹೇಳುತ್ತೇನೆ. ನಮ್ಮ ಓಣಿಯಲ್ಲಿ ಸಕ್ಕರೆ ಕಾಯಿಲೆಯ ಹೆಂಗಸರು ಹನ್ನೊಂದು ಮಂದಿ. ನರ್ಸ್ ಒಬ್ಬಳೇ, ದಿನಾ ಹನ್ನೊಂದು ಮನೆ ಸುತ್ತಲು ಅವಳಿಂದ ಆಗದು. ಅದಕ್ಕೆ ಸುಜಾತ ಫೋನಿನಲ್ಲಿ ಒಂದು ವ್ಯವಸ್ಥೆ ಮಾಡಿದಳು. ಫೋನು ಮೂರು ಮಾತು ಕೇಳುತ್ತದೆ — ಗುಳಿಗಿ ತೊಗೊಂಡ್ರಾ? ತಲಿ ತಿರುಗತೈತೇನು? ಅಂಗಾಲು, ಬೆರಳ ಸಂದಿ ನೋಡ್ಕೊಂಡ್ರಾ, ಗಾಯ ಗೀಯ ಐತೇನು? ಹೆಂಗಸರು ತಮ್ಮ ಮಾತಿನಲ್ಲೇ ಉತ್ತರ ಹೇಳಬೇಕು. ಯಂತ್ರ ಅದನ್ನು ತಿಳಿದುಕೊಂಡು ಬರೆದು, ತೊಂದರೆ ಇದ್ದವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿ ನರ್ಸಿಗೆ ಕಳಿಸುತ್ತದೆ. ಕೆಂಪು ಕಂಡ ಮನೆಗೆ ಅವಳು ಬರುತ್ತಾಳೆ. ಕೇಳುವ ಧ್ವನಿ ನನ್ನದು. ನಾನು ಗದರಿದ ಹಾಗೆ ಕೇಳಿದರೆ ಹೆಂಗಸರು ತಪ್ಪಿಸಿಕೊಳ್ಳುವುದಿಲ್ಲ ಅಂತ ಸುಜಾತ ಎಣಿಸಿದ್ದಳು.

ಹೆಂಗಸರು ಒಂದು ಕರಾರು ಹಾಕಿದರು: ತಮ್ಮ ಧ್ವನಿಯನ್ನು ಯಾರೂ ಇಟ್ಟುಕೊಳ್ಳಬಾರದು, ಬರಹ ಮಾತ್ರ ಉಳಿಯಲಿ. ಸುಜಾತ ಒಪ್ಪಿದಳು. ನಾನು ಇಷ್ಟು ವರ್ಷ ಸಿಕ್ಕಿಬೀಳದೆ ಉಳಿದದ್ದು ಆ ಕರಾರಿನಿಂದ.

ಎಲ್ಲರ ಹತ್ತಿರ ಅಂಥ ಫೋನು ಇರಲಿಲ್ಲ. ಆದ್ದರಿಂದ ಫೋನು ಹಿಡಿದು ಮನೆಮನೆಗೆ ಹೋಗುವ ಕೆಲಸ ನನ್ನ ತಲೆಗೆ ಬಂತು. ಒಂದು ತಿಂಗಳು ಹೋದೆ. ಸಾಕೋ ಸಾಕಾಯಿತು! ಗುಳಿಗಿ ತೊಗೊಂಡ್ಯಾ ಅಂದರೆ ಒಬ್ಬಳು ಸೊಸೆ ತವರಿಗೆ ಹೋದ ಕಥೆ ಶುರು ಮಾಡುವಳು. ಇನ್ನೊಬ್ಬಳು ಫೋನಿನ ಮುಂದೆ ಸೆರಗು ಎಳೆದುಕೊಂಡು ನಾಚುವಳು — ಅದೇನು ಅವಳ ಮಾವನೇ? "ಎದುರಿಗೂ ನೀನ ನಿಂತೀ, ಫೋನಿನ್ಯಾಗೂ ನೀನ ಕೇಳ್ತಿ, ನಾ ಯಾರ ಮಾರಿ ನೋಡಿ ಹೇಳ್ಲಿ?" ಅಂತ ಮತ್ತೊಬ್ಬಳ ಜಗಳ. ಫೋನಿನ ಬುದ್ಧಿಯೂ ಅಷ್ಟಕ್ಕಷ್ಟೇ. ಕುಕ್ಕರ್ ಸೀಟಿ ಹೊಡೆದರೆ, ಆಟೋ ಹೋದರೆ, "ತಿಳೀಲಿಲ್ಲವ್ವ" ಅಂತ ನನ್ನದೇ ಧ್ವನಿಯಲ್ಲಿ ನನಗೇ ಹೇಳುವುದು. ಓಣಿಯ ನಡುವೆ ನಿಂತು ನನ್ನ ಧ್ವನಿಗೆ ನಾನೇ ಬೈದಿದ್ದೇನೆ.

ತಕರಾರಿಲ್ಲದವಳು ಹನುಮವ್ವ ಒಬ್ಬಳೇ. ನನಗಿಂತ ಆರು ವರ್ಷ ಚಿಕ್ಕವಳು, ಎದುರು ಸಾಲಿನ ಮನೆ. "ಯಕ್ಕಾ, ತಡಿ, ನೋಡ್ಕೊಂಡು ಹೇಳ್ತೀನಿ," ಅನ್ನುವಳು. ಒಳಗಿಂದ ಕನ್ನಡಿ ತಂದು, ಬಾಗಿಲ ಬೆಳಕಿನಲ್ಲಿ ಕುಂತು, ಅಂಗಾಲಿನ ಕೆಳಗೆ ಹಿಡಿದು, ಬೆರಳು ಒಂದೊಂದಾಗಿ ಬಿಡಿಸಿ ನೋಡಿ ಆಮೇಲೆ ಉತ್ತರ ಕೊಡುವಳು. ನಿಜ ಹೇಳುತ್ತೇನೆ, ಎಲ್ಲರಿಗಿಂತ ಹೆಚ್ಚು ಸಿಟ್ಟು ನನಗೆ ಬರುತ್ತಿದ್ದದ್ದು ಅವಳ ಮೇಲೆಯೇ. ಅಷ್ಟು ಹೊತ್ತು ಯಾರು ನಿಲ್ಲಬೇಕು? ಆದರೆ ಕೇಳಿದರೆ ಅವಳು ನೋಡುತ್ತಿದ್ದಳು. ಕೇಳದಿದ್ದರೆ —

ಎರಡನೇ ತಿಂಗಳು ಒಂದು ದಿನ ಮೊಣಕಾಲು ಎಳೆಯಿತು, ಬಿಸಿಲೂ ಇತ್ತು. ಕಟ್ಟೆಯ ಮೇಲೆ ಕುಂತುಕೊಂಡು ಹನ್ನೊಂದು ಮಂದಿಯ ಉತ್ತರವನ್ನೂ ನಾನೇ ಕೊಟ್ಟುಬಿಟ್ಟೆ. ಬಾಯಿಗೆ ಸೆರಗು ಅಡ್ಡ ಹಿಡಿದು ಒಬ್ಬಳ ಹಾಗೆ, ಮೂಗಿನಲ್ಲಿ ಇನ್ನೊಬ್ಬಳ ಹಾಗೆ. ಯಂತ್ರ ಯಾರ ಧ್ವನಿ ಅಂತ ನೋಡುವುದೇ ಇಲ್ಲವಂತೆ, ಆಮೇಲೆ ತಿಳಿಯಿತು. ನಾನು ಕಟ್ಟಿದ ವೇಷವೆಲ್ಲ ದಂಡ. ಅನುಮಾನ ಬರಬಾರದು ಅಂತ ಆಗಾಗ ಒಬ್ಬಳಿಗೆ ತಲೆ ತಿರುಗಿಸುತ್ತಿದ್ದೆ. ನರ್ಸ್ ಅವಳ ಮನೆಗೆ ಓಡಿ ಬಂದರೆ, ಅವಳೂ ಖುಷಿಯಿಂದ "ಹೌದ್ರಿ, ಭಾಳ ತಿರುಗತೈತ್ರಿ" ಅನ್ನುವಳು. ನನಗೆ ನಗು. ಎಂಟು ದಿನಕ್ಕೊಮ್ಮೆ ತೋರಿಕೆಗೆ ಮನೆಮನೆಗೆ ಹೋಗಿಬರುತ್ತಿದ್ದೆ. "ದಿನಾ ಯಾಕ ಬರವಲ್ಲಿ?" ಅಂತ ಯಾರಾದರೂ ಕೇಳಿದರೆ, "ಫೋನಿಗೆ ನೆನಪಾದಾಗ ಕೇಳತೈತಿ," ಅನ್ನುತ್ತಿದ್ದೆ.

ಇದು ನನಗೆ ಹೊಸ ವಿದ್ಯೆಯಲ್ಲ. ಸಂಡೂರಿನ ಕಡೆ ಅದಿರಿನ ಗಣಿಯಲ್ಲಿ ಹದಿನೆಂಟು ವರ್ಷ ಬುಟ್ಟಿ ಹೊತ್ತವಳು ನಾನು. ಬೆಳಿಗ್ಗೆ ಮೇಸ್ತ್ರಿ ಹೆಸರು ಕೂಗುವಾಗ, ಬಾರದವಳ ಹೆಸರಿಗೆ ಬಂದವಳು "ಹಾಜರ್" ಅನ್ನಬೇಕು. ಕೂಸಿಗೆ ಜ್ವರ ಬಂದವಳ ಹೆಸರಿಗೆ, ಗಂಡ ಬಡಿದು ಮಾರಿ ಬಾತವಳ ಹೆಸರಿಗೆ. ಇನ್ನೊಬ್ಬಳ ಹೆಸರಿಗೆ ಉತ್ತರ ಕೊಡುವುದು ನಮ್ಮಲ್ಲಿ ಮರ್ಯಾದೆಯ ಕೆಲಸವಾಗಿತ್ತು. ಇದನ್ನು ನೆಪ ಮಾಡಿಕೊಂಡು ಬರೆಯುತ್ತಿಲ್ಲ. ಯಾಕೆಂದರೆ ಅಲ್ಲಿ ಹಾಜರ್ ಅಂದವಳು ಬಾರದವಳ ಪಾಲಿನ ಬುಟ್ಟಿಯನ್ನೂ ಹೊರುತ್ತಿದ್ದಳು. ಇಲ್ಲಿ ನಾನು ಏನು ಹೊತ್ತೆ? ಹನುಮವ್ವನ ಅಂಗಾಲನ್ನು ನಾನು ನೋಡಿದೆನೇ?

ಆ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ಹನುಮವ್ವ ಹೊಸ ಚಪ್ಪಲಿ ಹಾಕಿಕೊಂಡು ರೇಷನ್ ಅಂಗಡಿಯಿಂದ ಬರುತ್ತಿದ್ದಳು, ಎಡಗಾಲು ತುಸು ಎಳೆಯುತ್ತಾ. ನೋವು ತಿಳಿಯದ ಕಾಲು ಅದು. ಚಪ್ಪಲಿ ಸರಿಯಾಗಿ ಕೂಡುತ್ತಿಲ್ಲ ಅಂತ ಅವಳು ತಿಳಿದಿದ್ದಳು. ನಾನು ಕಟ್ಟೆಯ ಮೇಲಿದ್ದೆ, ಫೋನು ಕೈಯಲ್ಲೇ ಇತ್ತು. ಯಾಕ ಕುಂಟ್ತಿ ಅಂತ ಕೇಳಿದೆನೇ? ಇಲ್ಲ. ಕೇಳಿದರೆ ಎದ್ದು ಹೋಗಬೇಕು, ಅವಳು ಕನ್ನಡಿ ತರಬೇಕು, ನಾನು ನಿಂತಿರಬೇಕು — ಅವಳು ಒಳಗೆ ಹೋದಳು. ನಾನು ಅವಳ ಹೆಸರು ಒತ್ತಿ, ಅವಳ ಹಾಗೇ ರಾಗ ಎಳೆದು, "ಕಾಲು ಚಲೋ ಅದಾವ್ರಿ, ಗಾಯ ಇಲ್ಲ," ಅಂದೆ. ಹಸಿರು ಗುರುತು ಬಿತ್ತು. ಮರುದಿನವೂ ಅಂದೆ. ಅದರ ಮರುದಿನವೂ. ಆ ವಾರ ತೋರಿಕೆಯ ಸುತ್ತನ್ನೂ ತಪ್ಪಿಸಿದೆ.

ಮನೆಯಲ್ಲಿ ವಾಸನೆ ಬಂದು ಸೊಸೆ ಹುಡುಕಿದಾಗಲೇ ಗೊತ್ತಾದದ್ದು. ಚಪ್ಪಲಿಯ ಪಟ್ಟಿ ಬೆರಳ ಸಂದಿಯನ್ನು ಕೊರೆದು, ಒಳಗೆಲ್ಲ ಕೊಳೆತಿತ್ತು. ದೊಡ್ಡಾಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮೊದಲೇ ಬಂದಿದ್ದರೆ ಮುಲಾಮಿನಲ್ಲೇ ಹೋಗುತ್ತಿತ್ತು ಅಂದರಂತೆ.

ಅವಳನ್ನು ಮನೆಗೆ ಕರೆತಂದ ದಿನ ಮಂಚದ ಸುತ್ತ ನಾವೆಲ್ಲ ಇದ್ದೆವು — ಅವಳ ಮಗ ಈರಣ್ಣ, ಸೊಸೆ, ನರ್ಸ್, ಸುಜಾತ, ನಾನು. ಈರಣ್ಣ ಫ್ಯಾಕ್ಟರಿಗೆ ರಜೆ ಹಾಕಿ ಆಸ್ಪತ್ರೆಯಲ್ಲಿ ಕುಂತು ಕುಂತು ರೋಸಿಹೋಗಿದ್ದ. ಸುಜಾತ ಫೋನಿನಲ್ಲಿದ್ದ ಬರಹ ತೋರಿಸಿದಳು. ಅವನು ಓದಿ ತಾಯಿಯ ಕಡೆ ತಿರುಗಿದ: "ಯವ್ವಾ, ದಿನಾ ಗಾಯ ಇಲ್ಲ ಇಲ್ಲ ಅಂತ ನೀನ ಹೇಳೀಯಲ್ಲ! ಕಾಲು ಕೊಳೀತಿದ್ರೂ ಇಲ್ಲ ಅಂದ್ಯಾ?"

"ನಾನಾ?" ಅಂದಳು ಹನುಮವ್ವ. ಆಮೇಲೆ ನನ್ನ ಕಡೆ ನೋಡಿ ಕೇಳಿದಳು: "ಯಕ್ಕಾ, ನೀ ನನ್ನ ಕೇಳಿದ್ದಿಯೇನು? ನನಗ ಒಟ್ಟ ನೆನಪಿಲ್ಲ."

ಸುಜಾತಳೂ ನನ್ನನ್ನೇ ನೋಡುತ್ತಿದ್ದಳು. ಎರಡು ವರ್ಷ ಕಾಲೇಜಿನಿಂದ ಬಂದು ಬಂದು ಮಾಡಿದ ಕೆಲಸ ಅವಳದು. ಅವಳಿಗೋಸ್ಕರ ಸುಳ್ಳು ಹೇಳಿದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಅದೂ ಸುಳ್ಳು. ನನಗೆ ನನ್ನ ಮಾರಿ ಉಳಿಯಬೇಕಿತ್ತು.

"ಕೇಳಿದ್ದೆ," ಅಂದೆ. "ದಿನಾ ಕೇಳಿದ್ದೆ. ನೀನ ಇಲ್ಲ ಅಂದಿ."

ಹನುಮವ್ವ ತಲೆಯಾಡಿಸಿದಳು. "ಹಂಗಾರ ಅಂದಿರಬೇಕು ಬಿಡು."

ಅಷ್ಟೇ. ಜಗಳ ಮಾಡಲಿಲ್ಲ. ಮಾಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ — ಬಿಡುತ್ತಿರಲಿಲ್ಲ. ಹೌದು, ಬಿಡುತ್ತಿರಲಿಲ್ಲ.

ಅವತ್ತಿನಿಂದ ಅವಳು ತನ್ನ ತಲೆಯನ್ನು ನಂಬುವುದು ಬಿಟ್ಟಳು. ಸಾರಿಗೆ ಉಪ್ಪು ಹಾಕಿ, "ಉಪ್ಪು ಹಾಕೀನೇನು?" ಅಂತ ಸೊಸೆಯನ್ನು ಕೇಳುವಳು. ನಾಲ್ಕು ಸಲ ಕೇಳಿದ ಮೇಲೆ ಸೊಸೆ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಸಂಡೂರಿಗೆ ತಂಗಿಯ ಮನೆಗೆ ಒಬ್ಬಳೇ ಬಸ್ಸು ಹತ್ತಿ ಹೋಗುತ್ತಿದ್ದಳು; "ಎಲ್ಲಿ ಇಳೀಬೇಕು ಅಂತ ನೆನಪು ಹಾರಿದ್ರ?" ಅಂತ ಈರಣ್ಣ ಅದನ್ನೂ ನಿಲ್ಲಿಸಿದ. ಓಣಿಯಲ್ಲಿ ಯಾವುದಾದರೂ ಹಳೆಯ ಮಾತು ಬಂದರೆ, ಸರಿಯಾಗಿ ಹೇಳುವಳು, ಹೇಳಿ, "ನನ್ನ ಮಾತು ನಂಬಬ್ಯಾಡ್ರಿ ಮತ್ತ," ಅಂತ ತಾನೇ ಸೇರಿಸುವಳು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅವಳ ತಲೆ ನನ್ನ ತಲೆಗಿಂತ ಚೆನ್ನಾಗಿದೆ ಅಂತ ಗೊತ್ತಿದ್ದವಳು ನಾನೊಬ್ಬಳೇ, ಮತ್ತು ನಕ್ಕೆ.

ಹೋದ ವಾರ ಸುಜಾತ ಪುಸ್ತಕದ ಒಂದು ಪುಟ ನನಗೆ ಓದಿ ಹೇಳಿದಳು. ಹೆಸರು ಹಾಕದೆ ಹನುಮವ್ವನ ಕಥೆಯನ್ನೇ ಬರೆದಿದ್ದಾಳೆ. ವಯಸ್ಸಾದ ರೋಗಿಯ ಉತ್ತರವನ್ನು ಪೂರ್ತಿ ನಂಬಬಾರದು, ಅದು ತಾವು ಕಲಿತ ದೊಡ್ಡ ಪಾಠ, ಆದ್ದರಿಂದ ಹೊಸ ಸಾಧನದಲ್ಲಿ ಫೋನು ಹಿಡಿದು ಹೋಗುವ ಕಾರ್ಯಕರ್ತೆಯ ಮಾತಿಗೇ ಹೆಚ್ಚು ಬೆಲೆ ಕೊಟ್ಟಿದ್ದೇವೆ — ಹೀಗೆ. ಆ ಸಾಧನ ಮುಂದಿನ ತಿಂಗಳು ಎಮ್ಮಿಗನೂರಿಗೆ ಹೋಗುತ್ತದಂತೆ.

"ಸರಿ ಐತಾ, ಅಜ್ಜಿ?" ಅಂತ ಕೇಳಿದಳು.

ನನಗೆ ಬಂದ ಸಿಟ್ಟು! ಇಷ್ಟು ಓದಿದ ಹುಡುಗಿಯರು, ಇಷ್ಟೊಂದು ಮೀಟಿಂಗು ಮಾಡಿದವರು, ಎಲ್ಲವನ್ನೂ ಪರೀಕ್ಷೆ ಮಾಡಿದರು — ಯಂತ್ರವನ್ನು ಪರೀಕ್ಷಿಸಿದರು, ರೋಗಿಯನ್ನು ಪರೀಕ್ಷಿಸಿದರು. ಫೋನು ಹಿಡಿದ ಮುದುಕಿಯನ್ನು ಒಬ್ಬರೂ ಪರೀಕ್ಷಿಸಲಿಲ್ಲ. ಅಜ್ಜಿ ಅಂತ ಬಿಟ್ಟರು. ಈಗ ಕಳ್ಳಿಯ ಮಾತಿಗೇ ಬೆಲೆ ಏರಿಸಿ ಕುಂತಿದ್ದಾರೆ. ಸಿಟ್ಟು ಬಂತು ಅಂತ ಬರೆದೆ. ಆದರೆ ಅವರಿಗೆ ಆ ಪಾಠ ಕಲಿಸಿದವಳು ಯಾರು? ಯಾರ ಮೇಲೆ ಸಿಟ್ಟಾಗಲಿ? "ಆಮ್ಯಾಲೆ ಹೇಳ್ತೀನಿ," ಅಂದು ಎದ್ದೆ.

ನಿನ್ನೆ ಹನುಮವ್ವನ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಕುಂತು ಅಕ್ಕಿ ಆರಿಸುತ್ತಿದ್ದಳು. "ಬಾ ಯಕ್ಕಾ, ಕುಂದ್ರು," ಅಂದಳು. ಕುಂದ್ರಲಿಲ್ಲ. ನಿಂತುಕೊಂಡೇ ಹೇಳಿದೆ: "ಹನುಮಿ, ಅವತ್ತು ನಿನ್ನ ನಾ ಕೇಳಿದ್ದಿಲ್ಲ. ಕಾಲಿಗೆ ಗಾಯ ಆದ ಮ್ಯಾಲೆ ಒಂದು ದಿನಾನೂ ಕೇಳಿದ್ದಿಲ್ಲ. ನೀ ಇಲ್ಲ ಅಂದಿಲ್ಲ. ನಾನ ನಿನ್ನಂಗ ಮಾತಾಡಿ ಫೋನಿಗೆ ಇಲ್ಲ ಅಂದೆ. ನೀ ಮರತಿದ್ದು ಏನೂ ಇಲ್ಲ."

ಅಕ್ಕಿಯಲ್ಲಿ ಆಡುತ್ತಿದ್ದ ಕೈ ನಿಂತಿತು. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಒಳಗೆ ತಿರುಗಿ ಸೊಸೆಯನ್ನು ಕೂಗಿದಳು: "ಏ, ಲಗೂನ ಹೊರಗ ಬಾ. ಈಕಿ ಏನ ಹೇಳ್ತಾಳ ನೀನ ಕಿವಿಯಾರೆ ಕೇಳು. ಆಮ್ಯಾಲೆ ನಾ ಹೇಳಿದ್ರ ಮುದುಕಿಗೆ ಭ್ರಮಿ ಅಂತೀರಿ."

ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳ ಮುಂದೆ ಎಲ್ಲವನ್ನೂ ಮೊದಲಿಂದ ಹೇಳಿದೆ. ಆ ಹುಡುಗಿ ಒಮ್ಮೆ ನನ್ನ ಮುಖ, ಒಮ್ಮೆ ಅತ್ತೆಯ ಮುಖ ನೋಡಿದಳು. ಆಮೇಲೆ ಅತ್ತೆಯ ಪಕ್ಕ ಹೋಗಿ ಕುಂತಳು.

"ಈರಣ್ಣಗೂ ನೀನ ಹೇಳು," ಅಂದಳು ಹನುಮವ್ವ. "ನರ್ಸಮ್ಮಗೂ ಹೇಳು. ನಿನ್ನ ಮಮ್ಮಗಳಿಗೂ ಹೇಳು. ನನ್ನ ಮುಂದ ಹೇಳಿ ಏನ್ ಉಪಯೋಗ? ನನಗ ಗೊತ್ತಿತ್ತು. ಗೊತ್ತಿದ್ದದ್ದನ್ನ ನಿನ್ನ ಮಾತಿಗೆ ಬಿಟ್ಟುಕೊಟ್ಟೆ." ಮತ್ತೆ ಅಕ್ಕಿಗೆ ಕೈ ಹಾಕಿದಳು. "ಎಲ್ಲಾರಿಗೂ ಹೇಳಿ ಮುಗಿಸು. ಮುಗಿದ ಮ್ಯಾಲೆ ನನ್ನ ಕಟ್ಟಿ ಹತ್ತಬ್ಯಾಡ."

"ಹೂಂ," ಅಂದು ಬಂದೆ.

ಸುಜಾತ, ನಿನಗೆ ಹೇಳುವುದು ಈ ಕಾಗದದಲ್ಲಿದೆ. ಬಾಯಿಂದ ಹೇಳಿದರೆ ನೀನು ಅಜ್ಜಿ ಅಂತ ಅರ್ಧಕ್ಕೇ ಕ್ಷಮಿಸಿಬಿಡುತ್ತೀ, ಅದಕ್ಕೇ ಬರೆದೆ. ಆ ಪುಟ ಹರಿದುಹಾಕು. ಅದರ ಜಾಗದಲ್ಲಿ ಇದನ್ನು ಹಾಕು, ನನ್ನ ಹೆಸರು ಸಮೇತ. ಎಮ್ಮಿಗನೂರಿಗೆ ಫೋನು ಕಳಿಸುವ ಮೊದಲು, ಅದನ್ನು ಹಿಡಿಯುವವಳ ಜೊತೆ ನೀನೇ ಒಂದು ವಾರ ಮನೆಮನೆಗೆ ನಡೆ. ಎಲ್ಲಿ ಅವಳ ಕಾಲು ಸೋಲುತ್ತದೆ, ಎಲ್ಲಿ ಅವಳಿಗೆ ಬೇಸರ ಹತ್ತುತ್ತದೆ ಅಂತ ನೋಡು. ನನ್ನ ಧ್ವನಿಯನ್ನು ಫೋನಿನಿಂದ ತೆಗೆದುಹಾಕು.

ಭಾನುವಾರ ಈರಣ್ಣ ಮನೆಯಲ್ಲಿರುತ್ತಾನೆ. ಹೋಗುತ್ತೇನೆ. ಅವರ ಕಟ್ಟೆ ಹತ್ತುವುದಿಲ್ಲ. ಕೆಳಗೆ, ಓಣಿಯಲ್ಲೇ ನಿಂತು, ಎರಡೂ ಸಾಲಿನ ಮನೆಗಳಿಗೆ ಕೇಳುವ ಹಾಗೆ ಹೇಳುತ್ತೇನೆ.