ಸಾಗರದ ಸುಶಿಯೂ ನನ್ನದೊಂದು ಜೋಕೂ

ಮೂರು ವಾರದ ಹಿಂದೆ ಇದೇ ಜಾಗದಲ್ಲಿ ನಾನೊಂದು ಜೋಕು ಬರೆದಿದ್ದೆ. ನಿಮ್ಮಲ್ಲಿ ತುಂಬ ಜನ ನಕ್ಕಿರಿ. ನಕ್ಕದ್ದನ್ನು ಫೋನ್ ಮಾಡಿ ಹೇಳಿಯೂ ಹೇಳಿದಿರಿ. ನಾನು ಎರಡು ದಿನ ಉಬ್ಬಿಕೊಂಡು ಓಡಾಡಿದೆ.

ಓದದವರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ನಮ್ಮ ಸಾಗರದಲ್ಲಿ ಈಗೊಂದು ಕೊರಿಯನ್ ಹೋಟೆಲ್ ಇದೆ. ಟೈರ್ ಅಂಗಡಿಯ ಮೇಲಿನ ಮಹಡಿ, ಆರು ಟೇಬಲ್ಲು. ಬೋರ್ಡಿನಲ್ಲಿ ‘ಸುಶಿಯೂ ಸಿಗುತ್ತದೆ’ ಎಂದು ಬರೆದಿದೆ. ನಿನ್ನೆಯ ತಂಗಳನ್ನವನ್ನು ಕಾರ್ಬನ್ ಪೇಪರಿನಲ್ಲಿ ಸುತ್ತಿ ಇವತ್ತು ಮಾರುವ ವಿದ್ಯೆಗೆ ಸುಶಿ ಎನ್ನುತ್ತಾರೆ ಎಂದು ನಾನು ಬರೆದಿದ್ದೆ. ಇಷ್ಟೇ ಜೋಕು.

ಮೂರನೆಯ ದಿನ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದಾಗ ಇನ್ನೊಂದು ಫೋನ್ ಬಂತು. ಹೆಣ್ಣು ದನಿ. ಇದೂ ಹೊಗಳಿಕೆಯೇ ಇರಬೇಕೆಂದು ಕುರ್ಚಿಗೆ ಒರಗಿಕೊಂಡೆ.

‘ಸಾರ್, ನಾನು ಸುಮಿತ್ರಾ ಅಂತ. ಆ ಕೊರಿಯನ್ ಹೋಟ್ಲು ನಂದೇ. ನೀವು ಯಾವತ್ತು ಬಂದಿದ್ರಿ? ಎಷ್ಟು ಯೋಚ್ನೆ ಮಾಡಿದ್ರೂ ನಂಗೆ ನೆನಪಾಗ್ತಿಲ್ಲ.’

ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಬಂದ ಗಿರಾಕಿಯ ಮುಖ ಮರೆತೆನಲ್ಲ ಎಂಬ ನಿಜವಾದ ಪೇಚಾಟ ಇತ್ತು. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಏನೆಂದು ಹೇಳಲಿ? ನಾನು ಹೋಗಿಯೇ ಇರಲಿಲ್ಲ. (ಬೋರ್ಡು ನೋಡಿದ್ದು ಸ್ಕೂಟರ್ ಮೇಲಿಂದ. ಅದೂ ಹೆಲ್ಮೆಟ್ಟಿನ ಗಾಜಿನೊಳಗಿಂದ.) ಸುಳ್ಳು ಹೇಳೋಣವೆಂದರೆ ಅಲ್ಲಿ ಏನೇನು ಸಿಗುತ್ತದೆ ಎನ್ನುವುದೂ ಗೊತ್ತಿಲ್ಲ. ಬಂದಿಲ್ಲ ಎಂದೆ. ಅವರು, ಹಾಗಿದ್ದರೆ ಮನೆಯವರನ್ನೂ ಕರೆದುಕೊಂಡು ಒಂದು ದಿನ ಊಟಕ್ಕೆ ಬನ್ನಿ ಎಂದು ಹೇಳಿ ಫೋನ್ ಇಟ್ಟರು.

ಮನೆಯಲ್ಲಿ ಹೆಂಡತಿ ವಸಂತಿಗೆ ಹೇಳಿದೆ. ಅವಳು ಪ್ರೈಮರಿ ಶಾಲೆಯ ಟೀಚರ್. ತಪ್ಪು ಮಾಡಿದವರನ್ನು ನೋಡುವುದಕ್ಕೆಂದೇ ಅವಳಲ್ಲೊಂದು ನೋಟ ಇದೆ. ಆ ನೋಟ ನೋಡಿ, ನಾಳೆ ಮಧ್ಯಾಹ್ನವೇ ಹೋಗೋಣ ಎಂದಳು.

ಹೋದೆವು. ಮೆಟ್ಟಿಲು ಹತ್ತುವವರೆಗೆ ಟೈರಿನ ವಾಸನೆ. ಬಾಗಿಲು ತೆಗೆದರೆ ಎಳ್ಳೆಣ್ಣೆಯದು. ಹುರಿದ ಎಳ್ಳಿನ ಎಣ್ಣೆ ಬಿಸಿಯಾದಾಗ ಬರುವ ಆ ಘಮ ಯಾವ ದೇಶದ್ದಾದರೇನು, ಹೊಟ್ಟೆಗೆ ಪಾಸ್‌ಪೋರ್ಟ್ ಕೇಳುವ ಅಭ್ಯಾಸವಿಲ್ಲ. ಎರಡು ಟೇಬಲ್ಲಿನಲ್ಲಿ ಕಾಲೇಜು ಹುಡುಗಿಯರು ಕೂತು ಹಬೆಯಾಡುವ ನೂಡಲ್ಸನ್ನು ಸೊರ್ರೆಂದು ಎಳೆದುಕೊಳ್ಳುತ್ತಿದ್ದರು. ಉಳಿದ ನಾಲ್ಕು ಖಾಲಿ.

ಸುಮಿತ್ರಾಗೆ ಮೂವತ್ತೈದು ಇರಬಹುದು. ಊರು ನಿಟ್ಟೂರು. ಚೆನ್ನೈ ಹತ್ತಿರದ ಕಾರ್ಖಾನೆಯೊಂದರ ಗೆಸ್ಟ್‌ಹೌಸಿನಲ್ಲಿ ಕೊರಿಯಾದ ಎಂಜಿನಿಯರುಗಳಿಗೆ ಅಡುಗೆ ಮಾಡುತ್ತಿದ್ದವರು. ಸೇರಿದ್ದು ಪಾತ್ರೆ ತೊಳೆಯುವುದಕ್ಕೆ. ಅಲ್ಲಿನ ಹಿರಿಯ ಅಡುಗೆಯವರು, ಕೊರಿಯಾದವರೇ ಆದ ಒಬ್ಬ ಹೆಂಗಸು, ಇವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದೇ ಕಲಿಸಿದರಂತೆ. ಭಾಷೆ ಗೊತ್ತಿಲ್ಲ. ಉಪ್ಪು ಹೆಚ್ಚಾದರೆ ಅವರು ಮುಖ ಕಿವಿಚುತ್ತಿದ್ದರು, ಸರಿಯಾದರೆ ಬೆನ್ನ ಮೇಲೊಂದು ಏಟು ಹಾಕುತ್ತಿದ್ದರು. ಎಂಟು ವರ್ಷ ಹೀಗೆ ಕಲಿತ ವಿದ್ಯೆ. ಯೂಟ್ಯೂಬ್ ನೋಡಿ ಕಲಿತದ್ದಿರಬೇಕು ಎಂದೂ ನಾನು ಬರೆದಿದ್ದೆ. (ಮೊದಲು ಇದನ್ನು ನಿಮಗೆ ಹೇಳದೆ ಮುಚ್ಚಿಟ್ಟಿದ್ದೆ. ಕ್ಷಮಿಸಿ.)

ಮೊದಲು ಬಂದದ್ದು ಕಿಮ್ಚಿ. ಉಪ್ಪು, ಬೆಳ್ಳುಳ್ಳಿ, ಮೆಣಸಿನಪುಡಿ ಹಚ್ಚಿ ಹುಳಿಬರಿಸಿದ ಎಲೆಕೋಸು. ಉಪ್ಪಿನಕಾಯಿಗೂ ಪಲ್ಯಕ್ಕೂ ಮದುವೆಯಾಗಿ ಹುಟ್ಟಿದ ಕೂಸಿನಂತಿದೆ. ಬಾಯಲ್ಲಿ ಕರಕರ ಎನ್ನುತ್ತದೆ. ಖಾರ ನಿಧಾನವಾಗಿ ಬಂದು ಕಿವಿಯ ಹಿಂದೆ ಕೂರುತ್ತದೆ. ಬಣ್ಣ ಅಷ್ಟು ಕೆಂಪಗೆ ಹೇಗೆ ಎಂದರೆ ಬ್ಯಾಡಗಿ ಮೆಣಸು ಎಂದರು. ಆಮೇಲೆ ಕಲ್ಲಿನ ಬೋಗುಣಿಯಲ್ಲಿ ಚುರುಗುಟ್ಟುವ ಅನ್ನ, ಮೇಲೆ ಐದು ಬಣ್ಣದ ತರಕಾರಿ, ನಡುವೆ ಒಂದು ಮೊಟ್ಟೆ. ಕಲಸುವಾಗ ಕೆಳಗೆ ಹೊತ್ತಿ ಗರಿಯಾದ ಅನ್ನ ಮೇಲೆ ಬರುತ್ತದೆ. ನಮ್ಮಲ್ಲಿ ತಳ ಹಿಡಿದರೆ ಅಡುಗೆ ಮಾಡಿದವರಿಗೆ ಬೈಗುಳ. ಅಲ್ಲಿ ಅದೇ ವಿಶೇಷವಂತೆ. ಎಷ್ಟು ಜನ ಸೊಸೆಯಂದಿರು ತಪ್ಪು ದೇಶದಲ್ಲಿ ಹುಟ್ಟಿ ಬೈಸಿಕೊಂಡರೋ ಏನೋ.

ಕೊನೆಗೆ ಸುಶಿ. ಜೊತೆಗೆ ಅದರ ಕೊರಿಯಾದ ನೆಂಟ ಕಿಂಬಾಪ್.

ಇವನ್ನು ಮಾಡುವುದನ್ನು ನೋಡಬೇಕಿದ್ದರೆ ಒಳಗೆ ಬನ್ನಿ ಎಂದು ಸುಮಿತ್ರಾ ಕರೆದರು. ಅಡುಗೆಮನೆಯಲ್ಲಿ ಅವರ ಅತ್ತೆ ಗೌರಮ್ಮ ಸೌತೆಕಾಯಿ ಹೆಚ್ಚುತ್ತಿದ್ದರು. ಗೇಣಿ ಗದ್ದೆಯಲ್ಲಿ ನಾಟಿ ಮಾಡಿ ಬೆಳೆದ, ಮೇಳಿಗೆ ಕಡೆಯ ಗಟ್ಟಿ ಜೀವ. ಸುಮಿತ್ರಾ ಬಿದಿರಿನ ಚಾಪೆಯ ಮೇಲೆ ಸಮುದ್ರ ಪಾಚಿಯ ಕಪ್ಪು ಹಾಳೆ ಹಾಸಿದರು. ಆಗಷ್ಟೇ ಬೆಂದ ಅನ್ನವನ್ನು ಬೀಸಣಿಗೆಯಿಂದ ಆರಿಸಿ ತೆಳ್ಳಗೆ ಹರಡಿದರು. ಸುಶಿಯ ಅನ್ನಕ್ಕೆ ವಿನೆಗರ್, ಕಿಂಬಾಪಿನ ಅನ್ನಕ್ಕೆ ಎಳ್ಳೆಣ್ಣೆ. ನಡುವೆ ಕ್ಯಾರೆಟ್, ಸೌತೆ, ಇನ್ನೊಂದರಲ್ಲಿ ಬೇಯಿಸಿದ ಸಿಗಡಿ. ಹಸಿ ಮೀನು ಹಾಕುವುದಿಲ್ಲವೇ ಎಂದೆ. ಕರಾವಳಿಯಿಂದ ಘಾಟಿ ಹತ್ತಿ ಬರುವ ಐಸಿನ ಮೇಲೆ ತಮಗೆ ಅಷ್ಟು ನಂಬಿಕೆ ಇಲ್ಲ, ನಂಬಿಕೆ ಇಲ್ಲದ್ದನ್ನು ಇನ್ನೊಬ್ಬರ ತಟ್ಟೆಗೆ ಹಾಕುವುದಿಲ್ಲ ಎಂದರು. ಬೆಳಗಿನ ಅನ್ನ ಮಧ್ಯಾಹ್ನಕ್ಕೆ ಗಟ್ಟಿಯಾಗಿ ಸುತ್ತಲು ಬರುವುದೇ ಇಲ್ಲವಂತೆ. ಹಾಗಾಗಿ ದಿನಕ್ಕೆ ನಾಲ್ಕು ಸಲ ಅನ್ನ ಮಾಡುತ್ತಾರಂತೆ.

ತಂಗಳನ್ನ ಎಂದು ಬರೆದ ಕೈಯನ್ನು ನಾನು ಪ್ಯಾಂಟಿನ ಜೇಬಿಗೆ ತುರುಕಿಕೊಂಡೆ.

‘ಪತ್ರೊಡೆ ಸುತ್ತಲ್ವಾ, ಹಂಗೇ ಇದು. ಕೆಸಿನೆಲೆ ಬದ್ಲು ಸಮುದ್ರದ ಎಲೆ’ ಎಂದು ಗೌರಮ್ಮ ವಸಂತಿಗೆ ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ‘ನೀವೇ ಅಲ್ದಾ ಪೇಪರ್‌ನಲ್ಲಿ ಬರ್ದವ್ರು?’

ಸುಮಿತ್ರಾ ಅತ್ತೆಯನ್ನು ತಡೆಯಲು ನೋಡಿದರು. ಗೌರಮ್ಮ ನಿಲ್ಲಲಿಲ್ಲ. ಅವರು ಹೇಳಿದ್ದು ಇಷ್ಟು. ತೀರ್ಥಹಳ್ಳಿಯಿಂದ ಒಂದು ಆರ್ಡರ್ ಬಂದಿತ್ತು. ಮೇಘನಾ ಎಂಬ ಹುಡುಗಿಗೆ ಹದಿನಾರು ತುಂಬುತ್ತದೆ, ಕೊರಿಯಾದ ಹಾಡು, ಧಾರಾವಾಹಿ ಎಂದರೆ ಪ್ರಾಣ, ಅವಳ ಹುಟ್ಟುಹಬ್ಬಕ್ಕೆ ಇಡೀ ಕುಟುಂಬ ಇಲ್ಲಿಗೇ ಬಂದು ಊಟ ಮಾಡುವುದೆಂದು ಠರಾವಾಗಿತ್ತು. ಹೋಟೆಲಿಗೆ ಬಂದ ಮೊದಲ ದೊಡ್ಡ ಆರ್ಡರ್ ಅದು. ನನ್ನ ಅಂಕಣ ಅಚ್ಚಾದ ಮಾರನೆಯ ದಿನ ಆ ಹುಡುಗಿಯ ಅಜ್ಜಿ ಫೋನ್ ಮಾಡಿ, ತಂಗಳನ್ನ ಕೊಡುವ ಕಡೆ ಮಕ್ಕಳನ್ನು ಕರೆತರುವುದಿಲ್ಲ ಎಂದು ಕ್ಯಾನ್ಸಲ್ ಮಾಡಿದರಂತೆ.

‘ಇವ್ಳು ಅವತ್ತು ಊಟ ಮಾಡ್ಲಿಲ್ಲ’ ಎಂದರು ಗೌರಮ್ಮ, ಸೊಸೆಯನ್ನು ತೋರಿಸಿ. ಮತ್ತೆ ಸೌತೆಕಾಯಿಗೆ ತಿರುಗಿದರು.

ಪತ್ರಿಕೆಯಲ್ಲಿ ಒಂದು ಸಾಲು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ನನಗೆ ಕಾಫಿ ಕುಡಿಯುವಷ್ಟು ಹೊತ್ತು ಬೇಕಾಗಿತ್ತು. ಆ ಸಾಲು ಯಾರ ಮನೆಯ ಒಲೆಯ ಮೇಲೆ ಹೋಗಿ ಬೀಳುತ್ತದೆ ಎಂದು ನೋಡಲು ನಾವು ಹೋಗುವುದಿಲ್ಲ. ಮೊಬೈಲಿನಲ್ಲಿ ಕೂತು ಕಾಣದ ಹೋಟೆಲಿಗೆ ಒಂದೇ ಸ್ಟಾರ್ ಒತ್ತುವವರನ್ನು ನಾನೇ ಇಲ್ಲಿ ಎಷ್ಟು ಸಲ ಬೈದಿಲ್ಲ? ಅವರಾದರೋ ಒಂದು ಸ್ಟಾರನ್ನಾದರೂ ಕೊಡುತ್ತಾರೆ.

ತೀರ್ಥಹಳ್ಳಿಗೆ ನಾನೇ ಹೋಗಿ ಮಾತಾಡುತ್ತೇನೆ ಎಂದೆ. ಸುಮಿತ್ರಾ ಒಪ್ಪಲಿಲ್ಲ.

‘ಬೇಡ್ಕೊಂಡು ತಂದ ಗಿರಾಕಿ ನಂಗೆ ಬೇಡ ಸಾರ್.’

ಬೇಡಿಕೊಳ್ಳುವುದಿಲ್ಲ, ನಾನು ತಿನ್ನದೆ ಬರೆದೆ ಎಂಬ ನಿಜವನ್ನಷ್ಟೇ ಹೇಳಿ ಬರುತ್ತೇನೆ ಎಂದೆ. ಅವರು ಚಾಪೆಯನ್ನು ಒರೆಸಿ ಸುತ್ತಿಟ್ಟರು. ಕೊನೆಗೆ, ಹೋಗುವುದಾದರೆ ಬರಿಗೈಯಲ್ಲಿ ಹೋಗಬೇಡಿ ಎಂದರು. ಸುಶಿ ಅಷ್ಟು ದೂರ ತಡೆಯುವುದಿಲ್ಲ, ಕಿಂಬಾಪ್ ತಡೆಯುತ್ತದೆ, ಕೊರಿಯಾದಲ್ಲಿ ಅದು ಪ್ರಯಾಣದ ಬುತ್ತಿಯೇ. ತಿಂದು ನೋಡಲಿ. ಬೇಡ ಎಂದರೆ ಬೇಡ.

ಶನಿವಾರ ಬೆಳಗ್ಗೆ ಆ ಅಜ್ಜಿಗೆ ಫೋನ್ ಮಾಡಿ, ಬರುತ್ತೇನೆಂದು ಹೇಳಿ, ಸ್ಟೀಲಿನ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂರಬಾರದು, ಮಧ್ಯಾಹ್ನದೊಳಗೆ ತಲುಪಿಸಬೇಕು ಎಂದು ಎರಡು ಆಜ್ಞೆ ಇದ್ದವು. ಹೊಸನಗರದಲ್ಲಿ ಬಸ್ಸು ಬದಲಿಸುವಾಗ ಮಾಸ್ತಿಕಟ್ಟೆಗೆ ಹೊರಟ ಹೆಂಗಸೊಬ್ಬರು ಪಕ್ಕದಲ್ಲಿ ನಿಂತಿದ್ದರು. ಘಮ ಹಿಡಿದು, ಡಬ್ಬಿಯಲ್ಲಿ ಎಳ್ಳುಂಡೆಯೇ ಎಂದು ಕೇಳಿದರು. ಅಲ್ಲ, ಅನ್ನ ಎಂದೆ. ಅವರು ನನ್ನನ್ನು ಒಂದು ಥರ ನೋಡಿ ಸ್ವಲ್ಪ ದೂರ ಸರಿದರು.

ಅಜ್ಜಿಯ ಹೆಸರು ಸಾವಿತ್ರಮ್ಮ. ನಿವೃತ್ತ ಹೆಡ್‌ಮಿಸ್ಟ್ರೆಸ್. ಜಗಲಿಯಲ್ಲಿ ನನ್ನನ್ನು ಕೂರಿಸಿ, ಎದುರಿಗೆ ಕೂತು, ಹೇಳಿ ಎಂದರು. ನಾನು ಹೇಳಿದೆ. ಹೋಗಿರಲಿಲ್ಲ, ತಿಂದಿರಲಿಲ್ಲ, ನಗಿಸಲಿಕ್ಕೆಂದು ಬರೆದೆ. ಇಷ್ಟನ್ನು ಹೇಳುವಷ್ಟರಲ್ಲಿ ನಾನು ಏಳನೇ ಕ್ಲಾಸಿಗೆ ಬಂದು ನಿಂತಿದ್ದೆ.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

‘ಮೊಮ್ಮಗಳಿಗೆ ಕನ್ನಡ ಚೆನ್ನಾಗಿ ಬರ್ಲಿ ಅಂತ ಪ್ರತಿ ವಾರ ನಿಮ್ದನ್ನ ಜೋರಾಗಿ ಓದಿಸ್ತೀನಿ. ಅವತ್ತೂ ಅವ್ಳ ಕೈಲೇ ಓದ್ಸಿದ್ದು. ಅಚ್ಚಾಗಿದೆ, ನಿಜ ಇರ್ಬೇಕು ಅಂದ್ಕೊಂಡೆ. ಅವತ್ತಿಂದ ಅವ್ಳು ನನ್ನ ಹತ್ರ ಮಾತಾಡಿಲ್ಲ.’

ಅಂದರೆ ತನ್ನ ಹುಟ್ಟುಹಬ್ಬವನ್ನು ಮುರಿದ ಸಾಲನ್ನು ಆ ಹುಡುಗಿ ತಾನೇ ಓದಿದ್ದಳು. ಜೋರಾಗಿ. ನಾನು ಜಗಲಿಯ ಕಂಬ ನೋಡುತ್ತಾ ಡಬ್ಬಿಯನ್ನು ಅಜ್ಜಿಯ ಕಡೆ ಸರಿಸಿದೆ.

ಸಾವಿತ್ರಮ್ಮ ಡಬ್ಬಿ ತೆಗೆದರು. ಕಪ್ಪು ಅಂಚಿನ ಬಿಳಿ ಬಿಲ್ಲೆಗಳು, ನಡುವೆ ಕೆಂಪು, ಹಳದಿ, ಹಸಿರು. ಒಂದನ್ನು ಎತ್ತಿ ಮೂಸಿದರು. ಮುರಿಯಲು ನೋಡಿದರು, ಆಗಲಿಲ್ಲ. ಇಡಿಯಾಗಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ಬಹಳ ಹೊತ್ತು ಅಗಿದರು. (ಪರೀಕ್ಷೆಯ ರಿಸಲ್ಟಿಗೂ ನಾನು ಇಷ್ಟು ಕಾದದ್ದಿಲ್ಲ.) ಇನ್ನೊಂದನ್ನು ಎತ್ತಿಕೊಂಡರು.

ಅಷ್ಟರಲ್ಲಿ ಒಳಬಾಗಿಲಲ್ಲಿ ಮೇಘನಾ ಬಂದು ನಿಂತಿದ್ದಳು. ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು, ಅಜ್ಜಿಯ ಉಬ್ಬಿದ ಕೆನ್ನೆಯನ್ನು ನೋಡಿದಳು.

‘ಅಜ್ಜಿ, ನಿಧಾನ. ಒಂದೇ ಸಲಕ್ಕೆ ನುಂಗ್ಬೇಡಿ’ ಎಂದಳು.

ಎಂಟು ದಿನದ ಮೇಲೆ ಆ ಮನೆಯಲ್ಲಿ ಮೊಮ್ಮಗಳು ಅಜ್ಜಿಗೆ ಆಡಿದ ಮೊದಲ ಮಾತು ಅದು. ಸಾವಿತ್ರಮ್ಮ ತಲೆಯಾಡಿಸಿದರು. ಬಾಯಿ ತುಂಬಿತ್ತು, ಕಣ್ಣೂ. ಪಕ್ಕದಲ್ಲಿ ಕೂರುವಂತೆ ಜಗಲಿಯನ್ನು ತಟ್ಟಿ ತೋರಿಸಿ, ಡಬ್ಬಿಯನ್ನು ಅವಳ ಕಡೆ ದೂಡಿದರು. ನನ್ನನ್ನು ಇಬ್ಬರೂ ಮರೆತೇಬಿಟ್ಟರು. ಹಾಗೆ ಮರೆಯಲ್ಪಡುವುದು ಎಷ್ಟು ಸುಖ.

ಕಳೆದ ಭಾನುವಾರ ಮಧ್ಯಾಹ್ನ ಎರಡು ವ್ಯಾನು ತೀರ್ಥಹಳ್ಳಿಯಿಂದ ಬಂದವು. ಆರು ಟೇಬಲ್ಲು ಸಾಲದೆ ಟೈರ್ ಅಂಗಡಿಯವರು ಕುರ್ಚಿ ಕೊಟ್ಟರು. ನನಗೂ ವಸಂತಿಗೂ ಮೂಲೆಯಲ್ಲಿ ಜಾಗ ಸಿಕ್ಕಿತು. ಹಿರಿಯರು ಮೊದಮೊದಲು ತಟ್ಟೆಯನ್ನು ನೆಂಟರ ಮನೆಯ ನಾಯಿಯನ್ನು ನೋಡುವಂತೆ ನೋಡಿದರು. ಸಾವಿತ್ರಮ್ಮ ಶುರು ಮಾಡಿದ ಮೇಲೆ ಎಲ್ಲರೂ ಶುರು ಮಾಡಿದರು. ಊಟದ ಕಡ್ಡಿ ಹಿಡಿಯಲು ಬಾರದವರಿಗೆ ಮೇಘನಾ ಕಲಿಸಿದಳು, ಕಲಿಯದವರು ಕೈಯಲ್ಲೇ ತಿಂದರು. ಅವಳ ದೊಡ್ಡಪ್ಪ ಕಲ್ಲಿನ ಬೋಗುಣಿಯ ತಳದ ಗರಿ ಅನ್ನವನ್ನು ಕೆರೆದು ಕೆರೆದು, ಇದು ನಮ್ಮಮ್ಮ ಅಡಗಿಸಿಟ್ಟು ಕೊಡುತ್ತಿದ್ದ ಸೀಕಲಿನ ರುಚಿ ಎಂದು ಎರಡನೆಯ ಬೋಗುಣಿ ತರಿಸಿದರು.

ಸುಮಿತ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರ ತಟ್ಟೆ ನೋಡುತ್ತಿದ್ದರು. ಸಾವಿತ್ರಮ್ಮ ಕೈಸನ್ನೆ ಮಾಡಿ ಅವರನ್ನು ಹತ್ತಿರ ಕರೆದರು. ಬಾಯಿಗೆ ಹೋಗುತ್ತಿದ್ದ ಸುಶಿಯನ್ನು ನಾನು ತಟ್ಟೆಗೆ ಮರಳಿಸಿದೆ.

‘ಎಲ್ಲಾ ಚೆನ್ನಾಗಿದೆ ಮಗಾ. ಎಲೆಕೋಸಿಗೆ ಮಾತ್ರ ಉಪ್ಪು ಒಂಚೂರು ಕಡಿಮೆ.’

ಸುಮಿತ್ರಾ ಒಂದು ಎಲೆ ಬಾಯಿಗಿಟ್ಟು ನೋಡಿ, ಹೌದು ಎಂದರು. ಈ ಸಲದ ಕೋಸಿನಲ್ಲಿ ನೀರು ಜಾಸ್ತಿ, ಇನ್ನೂ ಎರಡು ಗಂಟೆ ಉಪ್ಪಿನಲ್ಲಿ ನೆನೆಯಬೇಕಿತ್ತು ಎಂದರು. ಕೋಸಾದರೆ ಬೆಳಗಾವಿ ಕಡೆಯದ್ದೇ ಸರಿ ಎಂದು ಸಾವಿತ್ರಮ್ಮ. ಚಳಿಗಾಲದ್ದು ಇನ್ನೂ ವಾಸಿ ಎಂದು ಒಳಗಿನಿಂದ ಗೌರಮ್ಮ. ಸುಮಿತ್ರಾ ಕುರ್ಚಿ ಎಳೆದು ಅಜ್ಜಿಯ ಪಕ್ಕದಲ್ಲೇ ಕೂತರು. ಸಾವಿತ್ರಮ್ಮ ತಮ್ಮ ಕೈಯಾರೆ ಅವರಿಗೊಂದು ತಟ್ಟೆ ಬಡಿಸಿದರು. ವಸಂತಿಯೂ ಎದ್ದು ಆ ಟೇಬಲ್ಲಿಗೇ ಹೋದಳು.

ಅಲ್ಲಿ ಉಪ್ಪು, ಹುಳಿ, ಖಾರ ಎಲ್ಲದರ ಬಗ್ಗೆ ಅರ್ಧ ಗಂಟೆ ಚರ್ಚೆ ನಡೆಯಿತು. ಮೂಲೆಯಲ್ಲಿ ಒಬ್ಬ ಅಂಕಣಕಾರ ಕೂತಿದ್ದಾನೆ, ಅವನನ್ನೂ ಒಂದು ಮಾತು ಕೇಳೋಣ ಎಂದು ಯಾರಿಗೂ ಅನಿಸಲಿಲ್ಲ. ನಾನು ತಲೆ ತಗ್ಗಿಸಿ ಕೊನೆಯ ಸುಶಿಯನ್ನು ಬಾಯಿಗಿಟ್ಟೆ.

ಅಭಿಪ್ರಾಯ ಹೇಳಬೇಕಿಲ್ಲದ ದಿನ ಊಟ ಇಷ್ಟು ರುಚಿಯಾಗಿರುತ್ತದೆ ಎಂದು ನನಗೆ ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ?