ಕರ್ತೃವಿನ ಜಾಗ ಖಾಲಿ

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಹೊಸ ಪುಸ್ತಕಗಳ ವಿವರ ದಾಖಲಿಸುವ ಆಕೆಗೆ ಜೊತೆಯವರು ಇಟ್ಟ ಅಡ್ಡಹೆಸರು ಪೂರ್ಣವಿರಾಮ. ಆಕೆ ಇಟ್ಟ ಚುಕ್ಕೆಯನ್ನು ಬ್ರಹ್ಮನೂ ಅಳಿಸಲಾರ ಎಂಬ ಕುಹಕ. ಬೇರೆಯವರ ದಾಖಲೆ ನಕಲು ಮಾಡುವುದು ಯಾರಿಗಾದರೂ ಬಂದೀತು. ಯಾರೂ ಮುಟ್ಟದ ಪುಸ್ತಕಕ್ಕೆ ಮೊದಲ ದಾಖಲೆ ಕಟ್ಟಲು ಎಂಟೆದೆ ಬೇಕು. ಆಕೆಗೆ ಅದಿತ್ತು, ಜೊತೆಗೆ ತುಸು ಜಂಬವೂ ಇತ್ತು.

ಅಂದು ಬಂದದ್ದು ತೆಳ್ಳನೆಯ ಪುಸ್ತಕ. ಲೇಖಕರ ಜಾಗದಲ್ಲಿ ‘ಒಬ್ಬ ನರ್ಸ್’ ಎಂದಷ್ಟೇ ಇತ್ತು. ಇದ್ದದ್ದನ್ನು ಇದ್ದ ಹಾಗೇ ಇಳಿಸು, ಕರ್ತೃ ಯಾರೆಂದು ಬೇರೆ ಕಡೆಯಿಂದ ತಿಳಿದರೆ ಅದನ್ನೂ ಸೇರಿಸು ಎನ್ನುತ್ತದೆ ಹೊಸ ನಿಯಮ. ಪುಟ ತಿರುವಿದಳು. ಸಾಯುವ ಮುನ್ನ ತಾಯಿಯೊಬ್ಬಳು ಕನ್ನಡಕ ಕೇಳಿ ಹಾಕಿಕೊಂಡು, “ನಿಮ್ಮ ಮುಖ ಸರಿಯಾಗಿ ಕಾಣ್ಲಿ” ಅಂದ ಪ್ರಸಂಗ. ಅದು ತನ್ನ ಅಮ್ಮನದೇ ಮಾತು. ಆಗ ಅಮ್ಮನ ಬಳಿ ಇದ್ದದ್ದು ಇಬ್ಬರೇ, ತಾನು ಮತ್ತು ನರ್ಸ್ ಕೆಲಸದ ತಂಗಿ. ಕಳ್ಳಿ, ನನಗೂ ಹೇಳಲಿಲ್ಲವಲ್ಲ! ಹೆಮ್ಮೆಯಿಂದ ತಂಗಿಯ ಹೆಸರು ಸೇರಿಸಿ, ಬೇರೆ ಯಾರೂ ತಿದ್ದದಂತೆ ಕಂಪ್ಯೂಟರಿನಲ್ಲಿ ದಾಖಲೆಗೆ ಬೀಗ ಹಾಕಿ, ಚಹಾಕ್ಕೆ ಎದ್ದಳು.

ಚಹಾದ ಮೇಜಿನ ಮೇಲೆ ಪತ್ರಿಕೆಯಿತ್ತು. ಇಲ್ಲಿ ಅವಧಿ ಮೀರಿದ ಔಷಧಿ ಕೊಡುತ್ತಾರೆಂದು ಪುಸ್ತಕ ಬರೆದ ನರ್ಸ್ ಸಿಕ್ಕ ದಿನವೇ ಅವಳನ್ನು ಕೆಲಸದಿಂದ ಕಿತ್ತು ಮನೆಗೆ ಕಳಿಸುತ್ತೇವೆ ಎಂದು ಆಸ್ಪತ್ರೆಯವರು ಗುಡುಗಿದ್ದರು. ತಂಗಿಯ ಆಸ್ಪತ್ರೆ! ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅಂದಿನ ದಾಖಲೆಗಳೆಲ್ಲ ನೂರಾರು ಗ್ರಂಥಾಲಯಗಳಿಗೆ ಹೋಗುತ್ತವೆ. ಬೀಗ ತೆಗೆಯುವ ಅಧಿಕಾರ ಮುಖ್ಯಸ್ಥನೊಬ್ಬನದೇ. ಅವನ ಕಿವಿಗೆ ಬಿದ್ದದ್ದು ಊರಿಗೆಲ್ಲ ಡಂಗುರ.

“ತಪ್ಪಾಗಿದೆ, ಬೀಗ ತೆಗೀರಿ,” ಎಂದಳು ಅವನ ಮುಂದೆ ನಿಂತು.

“ನಿಮ್ಮಿಂದ ತಪ್ಪಾ? ಏನದು?”

“ಕರ್ತೃ ಯಾರು ಅಂತ ಊಹೆ ಮಾಡಿ ಹಾಕ್ಬಿಟ್ಟೆ.”

ಊಹೆ ಮಾಡಿದವರನ್ನು ಆಕೆ ನೀರಿಳಿಸಿದ್ದು ಎಲ್ಲರಿಗೂ ಗೊತ್ತು. ಮುಖ್ಯಸ್ಥನಿಗೆ ಹಬ್ಬ. “ಯಾರ ಹೆಸರು? ನೋಡೋಣ,” ಎಂದು ದಾಖಲೆ ತೆರೆಯಲು ಕೈ ಚಾಚಿದ.

ಆಕೆ ಅಡ್ಡ ಬಂದಳು. “ನೋಡೋದೇನು? ವಯಸ್ಸಾಯ್ತು ನನಗೆ. ಇನ್ಮೇಲೆ ನನ್ನ ಕೆಲಸಾನೆಲ್ಲ ಬೇರೆಯವರು ತಪಾಸಣೆ ಮಾಡ್ಲಿ.”

ಈ ಮಾತಿಗೆ ಅವನು ವರ್ಷಗಳಿಂದ ಕಾದಿದ್ದ. ಹೆಸರಿನ ಗೊಡವೆ ಮರೆತು, ಬೀಗ ತೆಗೆದು, ಆದೇಶ ಬರೆಯಲು ಕೂತೇಬಿಟ್ಟ. ಆಕೆ ಓಡಿಹೋಗಿ ಹೆಸರು ಅಳಿಸಿದಳು. ಅವಮಾನಕ್ಕೆ ಕಣ್ಣು ತುಂಬಿದ್ದರೂ ಕೈ ತಪ್ಪಲಿಲ್ಲ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ತಂಗಿ ತಟ್ಟೆ ನೋಡುತ್ತಲೇ ಕೇಳಿದಳು, “ನಿಮ್ಮಲ್ಲಿಗೆ ಆ ನರ್ಸ್ ಪುಸ್ತಕ ಬಂತಾ? ಯಾರು ಬರೆದದ್ದು ಅಂತ ಹಾಕಿದ್ರಿ?”

“ಗೊತ್ತಾಗಲಿಲ್ಲ.”

“ನಿನಗೂ?”

ಅಕ್ಕ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು.

“ತಲೆ ಎತ್ತು,” ಎಂದಳು. “ನಿನ್ನ ಮುಖ ಸರಿಯಾಗಿ ಕಾಣ್ಲಿ.”

ತಂಗಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು.